ಈ ಸಲ ಹೊಡೆಯೋರು ಯಾರು

ಬ್ಯಾಟುಗಳ ಉದ್ದನೆಯ ಚೀಲವನ್ನು ವಿಂಧ್ಯಾ ಹಾಲಿನಿಂದ ಬಾಲ್ಕನಿಗೆ ಎಳೆಯುತ್ತಿದ್ದಳು. ಚೀಲದ ಜಿಪ್ಪು ಕಿತ್ತುಹೋಗಿತ್ತು. ಅರ್ಧ ದಾರಿಯಲ್ಲಿ ಒಂದು ಬ್ಯಾಟು ಜಾರಿ ನೆಲದ ಮೇಲೆ ಉರುಳಿತು. ಆ ಸದ್ದಿಗೆ ಒಳಕೋಣೆಯಲ್ಲಿ ಅಮ್ಮನ ಸುತ್ತ ಕೂತಿದ್ದ ಹೆಂಗಸರು ಕತ್ತೆತ್ತಿ ನೋಡಿದರು. ಅಪ್ಪನನ್ನು ಹಾಲಿನಲ್ಲಿ ಮಲಗಿಸಲು ಜಾಗ ಮಾಡಬೇಕಿತ್ತು. ಹೆಲ್ಮೆಟ್ಟುಗಳು, ಮಣ್ಣು ಮೆತ್ತಿದ ಚೆಂಡುಗಳ ಬಕೆಟ್ಟು, ಹೊಡೆಯುವವಳ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಹುಡುಗಿ ಎದೆಗೆ ಕಟ್ಟಿಕೊಳ್ಳುವ ಕವಚ, ಗೆರೆ ಹಾಕುವ ಸುಣ್ಣದ ಮೂಟೆ. ಸೋಫಾಕ್ಕಿಂತ ಹೆಚ್ಚು ಜಾಗವನ್ನು ಅವೇ ಹಿಡಿದಿದ್ದವು.

"ಬಿಡವಾ, ನಾ ಎತ್ತತೀನಿ. ನೀ ಈಗಷ್ಟ ಸೂರತ್‌ನಿಂದ ಬಂದೀದಿ. ಒಂದೀಟು ನೀರರ ಕುಡಿ," ಎಂದರು ಲಿಂಗರಾಜ ಕಾಕಾ. ಗದಗಿನ ಕಡೆಯವರು. ವಡೋದರಾದ ರೈಲ್ವೆ ಅಕೌಂಟ್ಸ್ ಕಚೇರಿಯಲ್ಲಿ ಅಪ್ಪನ ಎದುರಿನ ಮೇಜಿನಲ್ಲಿ ಕೂತು ಕೆಲಸ ಮಾಡಿ, ಅಪ್ಪನ ಜೊತೆಗೇ ನಿವೃತ್ತರಾದವರು.

"ಹೇಗಾಯ್ತು ಕಾಕಾ?"

"ಏನಂತ ಹೇಳ್ಲಿ. ಗ್ರೌಂಡಿಗೆ ಹೊಂಟಿದ್ದ. ಕುರ್ಚಿ ಮ್ಯಾಲೆ ಕುಂತು ಬೂಟು ಹಾಕ್ಕೊಳ್ಳಾಕ ಬಗ್ಗ್ಯಾನ, ಹಂಗ ಒರಗಿಬಿಟ್ಟಾನ. ನಿಮ್ಮವ್ವ ಚಾ ತಗೊಂಡು ಬರೂದ್ರಾಗ ಎಲ್ಲಾ ಮುಗದಿತ್ತು."

ವಿಂಧ್ಯಾಳ ಅಪ್ಪ ಸುಬ್ರಹ್ಮಣ್ಯ ತುಮಕೂರಿನಿಂದ ರೈಲ್ವೆ ಕೆಲಸಕ್ಕೆಂದು ಬಂದು ವಡೋದರಾದಲ್ಲೇ ಬದುಕು ಮುಗಿಸಿದ್ದರು. ಬಡ್ತಿ ಬಂದಾಗಲೆಲ್ಲ ಬೇಡವೆಂದರು. ಬಡ್ತಿಯೆಂದರೆ ವರ್ಗ, ವರ್ಗವೆಂದರೆ ಹುಡುಗಿಯರ ಬೇಸ್‌ಬಾಲ್ ತಂಡವನ್ನು ಬಿಟ್ಟು ಹೋಗುವುದು. ಆ ಆಟ ಯಾವುದೆಂದು ಅವರ ತಮ್ಮಂದಿರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಊರಿಗೆ ಹೋದಾಗ, "ಅದು ಕ್ರಿಕೆಟ್ಟಾ ಅಣ್ಣಾ?" ಎಂದು ಕೇಳುತ್ತಿದ್ದರು. "ಹೆಚ್ಚುಕಮ್ಮಿ ಹಾಗೇ," ಎಂದು ಅವರು ನಗುತ್ತಿದ್ದರು.

ನಾಲ್ಕು ಜನ ಅಪ್ಪನನ್ನು ಒಳಕೋಣೆಯಿಂದ ಹಾಲಿಗೆ ತಂದು ಚಾಪೆಯ ಮೇಲೆ ಮಲಗಿಸಿದರು. ಯಾರೋ ಕಾಲ್ಬೆರಳುಗಳನ್ನು ಸೇರಿಸಿ ಕಟ್ಟಿದರು. ಹುಡುಗಿಯರು ಆಗ ಬಂದರು. ಗ್ರೌಂಡಿನಲ್ಲಿ ಸರ್‌ಗಾಗಿ ಬಹಳ ಹೊತ್ತು ಕಾದು, ತಡವಾಗಿ ಸುದ್ದಿ ತಿಳಿದು, ಮೆರೂನ್ ಜೆರ್ಸಿಯಲ್ಲೇ ಓಡಿ ಬಂದಿದ್ದರು. ಚಪ್ಪಲಿ ಬಿಡುವ ಜಾಗದಲ್ಲಿ ಮಣ್ಣಿನ ಬೂಟುಗಳು ಸಾಲಾಗಿ ನಿಂತವು. ಒಬ್ಬೊಬ್ಬಳಾಗಿ ಕಾಲು ಮುಟ್ಟಿ, ಗೋಡೆಗೊರಗಿ ಕೂತರು. ಸ್ವಲ್ಪ ಹೊತ್ತು ಬಿಕ್ಕುವ ಸದ್ದು ಮಾತ್ರ ಇತ್ತು. ಆಮೇಲೆ ಗುಜರಾತಿಯಲ್ಲಿ ಪಿಸುಮಾತು ಶುರುವಾಯಿತು.

"ಭಾನುವಾರ ರಾಜ್ಯ ತಂಡಕ್ಕೆ ಆರಿಸೋ ಟ್ರಯಲ್ಸ್ ಮ್ಯಾಚ್ ಇದೆ. ಮುಂದಕ್ಕೆ ಹಾಕ್ತಾರಾ?"

"ಹಾಕಲ್ಲ. ಹಾಕಿದ್ರೂ ಏನು? ಚೆಂಡು ಎಸೆಯೋಕೆ ಪಿಚರ್ ಇದ್ದಾಳೆ, ಫೀಲ್ಡಿಂಗ್ ಚೆನ್ನಾಗಿದೆ. ಹೊಡೆಯೋರು ಎಲ್ಲಿದ್ದಾರೆ?"

"ಸರ್ ಅದನ್ನೇ ಹೇಳ್ತಿದ್ರು. ಈ ಸಲ ನಾಲ್ಕನೇ ಜಾಗಕ್ಕೆ ಯಾರೂ ಇಲ್ಲ ಅಂತ."

ಅಪ್ಪನ ಮೈ ಇನ್ನೂ ಪೂರ್ತಿ ತಣ್ಣಗಾಗಿಲ್ಲ, ಇವರು ಬ್ಯಾಟಿಂಗಿನ ಲೆಕ್ಕ ಹಾಕುತ್ತಿದ್ದಾರೆ. ವಿಂಧ್ಯಾ ಎದ್ದು ಹೋಗಿ ಬಾಲ್ಕನಿಯ ಕಂಬಿ ಹಿಡಿದು ನಿಂತಳು. ಎದುರಿನ ಕರೆಂಟು ತಂತಿಯಲ್ಲಿ ಉತ್ತರಾಯಣದ ಹಬ್ಬದಲ್ಲಿ ಹಾರಿಸಿದ ಗಾಳಿಪಟಗಳು ಹರಿದು ಜೋತಾಡುತ್ತಿದ್ದವು.

*

ಆಟ ಅಪ್ಪನಿಗೆ ತಾನಾಗಿ ಬಂದದ್ದಲ್ಲ. ರೈಲ್ವೆ ಕಾಲೊನಿಯ ಹುಡುಗಿಯರಿಗೆ ಯಾವುದಾದರೂ ತಂಡ ಕಟ್ಟಬೇಕೆಂದು ಮೇಲಿನವರು ಹೇಳಿದಾಗ, ಬೇಡವೆನ್ನಲು ಬಾಯಿ ಬಾರದೆ ಒಪ್ಪಿಕೊಂಡವರು ಅವರು. ಚೆಂಡು ಹಿಡಿಯುವುದು ಹೇಗೆಂಬುದನ್ನೂ ಕೇಳಿ ಕಲಿತರು. ಕಲಿತದ್ದನ್ನು ಮೊದಲು ಪರೀಕ್ಷಿಸಿದ್ದು ಮಗಳ ಮೇಲೆ.

ಬಿಲ್ಡಿಂಗಿನ ತಾರಸಿಯಲ್ಲಿ, ನೀರಿನ ಟ್ಯಾಂಕುಗಳ ನಡುವೆ, ಅಪ್ಪ ಟೆನಿಸ್ ಚೆಂಡು ಎಸೆಯುತ್ತಿದ್ದರು. ವಿಂಧ್ಯಾ ಫ್ರಾಕ್ ತೊಟ್ಟು ಬ್ಯಾಟು ಹಿಡಿದು ನಿಲ್ಲುತ್ತಿದ್ದಳು. ಬ್ಯಾಟು ಅವಳ ಎದೆಯವರೆಗೆ ಬರುತ್ತಿತ್ತು.

"ಕಾಯಿ... ಕಾಯಿ... ಈಗ!"

ಅವಳು ಕಾಯದೆ ಬೀಸುತ್ತಿದ್ದಳು. ಮೊದಮೊದಲು ಎಲ್ಲವೂ ತಪ್ಪುತ್ತಿದ್ದವು. "ಕೈಗೆ ಅವಸರ ಬೇಡ ಪುಟ್ಟಿ. ಮೊದಲು ಸೊಂಟ ತಿರುಗ್ಲಿ, ಕೈ ತಾನಾಗೇ ಹಿಂದೆ ಬರುತ್ತೆ." ಒಂದು ಸಂಜೆ ಚೆಂಡು ಬ್ಯಾಟಿನ ನಡುವಿಗೆ ತಗುಲಿ, ಟ್ಯಾಂಕಿನ ಮೇಲಿಂದ ಹಾರಿ, ಪಕ್ಕದ ಬಿಲ್ಡಿಂಗಿನಾಚೆಗೆ ಹೋಗಿ ಮರೆಯಾಯಿತು. ಅಪ್ಪ ಅದು ಹೋದ ದಿಕ್ಕನ್ನೇ ನೋಡುತ್ತಾ ನಿಂತರು. ಕಚೇರಿಯಲ್ಲಿ ಯಾರೆದುರೂ ದನಿ ಏರಿಸದ ಮನುಷ್ಯ ಅಂದು ಮೆಟ್ಟಿಲಿಳಿಯುತ್ತಾ ಮೂರೂ ಮಹಡಿಯವರಿಗೆ ಸುದ್ದಿ ಹೇಳಿದರು.

ಕಾಲೇಜಿಗೆ ಬರುವಷ್ಟರಲ್ಲಿ ಅವಳು ತಂಡದಲ್ಲಿ ನಾಲ್ಕನೆಯವಳಾಗಿ ಆಡುತ್ತಿದ್ದಳು. "ಮೊದಲಿನ ಮೂವರು ಹೇಗೋ ಓಡಿ, ಮೈದಾನದ ಮೂಲೆಗಳಲ್ಲಿರೋ ಬೇಸ್ ಮುಟ್ಟಿ ಅಲ್ಲಿ ನಿಂತಿರ್ತಾರೆ," ಎಂದು ಅಪ್ಪ ಅಮ್ಮನಿಗೆ ವಿವರಿಸುತ್ತಿದ್ದರು. "ನಾಲ್ಕನೆಯವಳು ಗಟ್ಟಿಯಾಗಿ ಹೊಡೆದು ಅವರನ್ನೆಲ್ಲ ಹೊರಟ ಜಾಗಕ್ಕೆ, ಅಂದ್ರೆ ಮನೆಗೆ, ಸೇರಿಸ್ಬೇಕು. ಅದಕ್ಕೆ ತಂಡದಲ್ಲಿ ಎಲ್ಲರಿಗಿಂತ ನಂಬಿಕೆ ಇರೋಳನ್ನ ಅಲ್ಲಿ ನಿಲ್ಲಿಸೋದು."

*

"ವಿಂಧ್ಯಾಬೆನ್, ನೀರು."

ಗುಜರಾತಿಗಳು ಅಕ್ಕನನ್ನು ಕರೆಯುವ ಹಾಗೆ ಬೆನ್ ಎನ್ನುತ್ತಾ ಹಿಂದೆ ನಿಂತಿದ್ದವಳು ತಂಡದ ಹುಡುಗಿ ಸ್ವಾತಿ. ಕಣ್ಣು ಊದಿಕೊಂಡಿತ್ತು. ವಿಂಧ್ಯಾ ಲೋಟ ತೆಗೆದುಕೊಂಡಳು.

"ನಾವು ಆಟದ ಮಾತಾಡಿದ್ದು ನಿಮಗೆ ಬೇಜಾರಾಯ್ತೇನೋ," ಎಂದಳು ಸ್ವಾತಿ. "ಸುಮ್ನೆ ಕೂತ್ರೆ ಅಳು ಬರುತ್ತೆ, ಅದಕ್ಕೇ. ನಿನ್ನೆ ಸಂಜೆಯೂ ಸರ್ ನನಗೆ ಬೈದ್ರು. ನೀನು ಕಾಯಿ ಮಾಡೋದೇ ಇಲ್ಲ, ಚೆಂಡು ಬರೋ ಮೊದಲೇ ತಿರುಗಿಬಿಡ್ತೀಯ ಅಂತ."

ಅವಳು ಗುಜರಾತಿಯ ನಡುವೆ ಆ ಒಂದು ಶಬ್ದವನ್ನು ಇಟ್ಟ ರೀತಿಗೆ ವಿಂಧ್ಯಾ ತಿರುಗಿ ನೋಡಿದಳು.

"ಕಾಯಿ ಅಂದ್ರೆ ಏನು?"

"ಅದು ಬೇಸ್‌ಬಾಲ್ ಮಾತು ಬೆನ್. ನಾವೆಲ್ಲ ಅದನ್ನೇ ಕೂಗ್ತೀವಿ. ಕಾಯಿ, ಸೊಂಟ, ಈಗ."

"ಅದು ಕನ್ನಡ."

"ಹೌದಾ?" ಎಂದಳು ಸ್ವಾತಿ. "ಹೋದ ವರ್ಷ ರಾಜಕೋಟ್‌ನ ಟೀಮಿನವರು ನಮ್ಮ ಕೂಗು ಕೇಳಿ ನಗ್ತಿದ್ರು. ಅದು ಇಂಗ್ಲಿಷ್, ನಮಗೇ ಸರಿಯಾಗಿ ಹೇಳೋಕೆ ಬರಲ್ಲ ಅಂದ್ಕೊಂಡಿದ್ವಿ."

ವಿಂಧ್ಯಾಳಿಗೆ ನಗು ಬಂತು. ಲೋಟವನ್ನು ಬಾಯಿಗೆ ಒತ್ತಿ ಹಿಡಿದಳು.

*

ವಿಂಧ್ಯಾಳ ಪದವಿಯ ಕೊನೆಯ ವರ್ಷದ ಚಳಿಗಾಲ. ರಾಜ್ಯ ತಂಡಕ್ಕೆ ಹುಡುಗಿಯರನ್ನು ಆರಿಸುವ ದಿನ. ಆರಿಸುವವರಲ್ಲಿ ಅಪ್ಪ ಕೂಡ ಒಬ್ಬರು. ಬ್ಯಾಟಿಂಗಿನ ಮಟ್ಟಿಗೆ ಅವರ ಮಾತೇ ನಡೆಯುತ್ತಿತ್ತು. ಅಹಮದಾಬಾದಿನ ನರೋಡಾದಿಂದ ಹೇತಲ್ ಪರ್ಮಾರ್ ಬಂದಿದ್ದಳು. ಅವಳ ತಂದೆ ಅಲ್ಲಿನ ಒಂದು ಬಣ್ಣದ ಕಾರ್ಖಾನೆಯಲ್ಲಿ ಕೂಲಿ. ಹೇತಲ್ ಚೆನ್ನಾಗಿಯೇ ಹೊಡೆದಳು. ವಿಂಧ್ಯಾ ಅವಳಿಗಿಂತ ಚೆನ್ನಾಗಿ ಹೊಡೆದಳು. ಚೆಂಡುಗಳು ಬೇಲಿಯಾಚೆಯ ಬೇವಿನ ಮರಗಳಿಗೆ ಹೋಗಿ ಬಿದ್ದವು.

ಅಪ್ಪ ಹೆಸರುಗಳನ್ನು ಓದಿದರು. ವಿಂಧ್ಯಾಳ ಹೆಸರು ಬರಲಿಲ್ಲ. ಹೆಚ್ಚುವರಿ ಆಟಗಾರರಲ್ಲೂ ಇರಲಿಲ್ಲ.

ಮನೆಗೆ ಬರುವಾಗ ಸ್ಕೂಟರಿನಲ್ಲಿ ಅಪ್ಪನ ಬೆನ್ನಿನ ಹಿಂದೆ ಕೂತು ಅವಳು ಕೇಳಿದಳು, "ಯಾಕಪ್ಪ?"

ಅಪ್ಪ ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿ, ಮುಂದೆಯೇ ನೋಡುತ್ತಾ ಹೇಳಿದರು. "ಬೀಸುವಾಗ ನಿನ್ನ ಹಿಂದಿನ ಭುಜ ಇಳಿಯುತ್ತೆ ವಿಂಧ್ಯಾ. ಇಲ್ಲಿ ನಡೆಯುತ್ತೆ. ಮೇಲಿನ ಮಟ್ಟದಲ್ಲಿ ಒಳ್ಳೆ ಪಿಚರ್ ಬಂದ್ರೆ ನಡೆಯಲ್ಲ. ಅಷ್ಟು ದೂರ ಹೋಗೋ ಆಟ ಅಲ್ಲ ಅದು."

ಅವಳು ನಂಬಿದಳು. ಕಲಿಸಿದವರೇ ಹೇಳಿದಾಗ ನಂಬದೆ ಇನ್ನೇನು? ಒಂದಷ್ಟು ದಿನ ಕನ್ನಡಿಯ ಮುಂದೆ ಖಾಲಿ ಕೈ ಬೀಸಿ ಭುಜವನ್ನು ನೋಡಿಕೊಂಡಳು. ಇಳಿದಂತೆಯೂ ಕಾಣುತ್ತಿತ್ತು, ಇಳಿಯದಂತೆಯೂ ಕಾಣುತ್ತಿತ್ತು. ಆಮೇಲೆ ಬ್ಯಾಂಕಿನ ಪರೀಕ್ಷೆಗೆ ಓದಲು ಕೂತಳು. ಕೆಲಸ ಸಿಕ್ಕಿತು, ಮಹೇಶನೊಡನೆ ಮದುವೆಯಾಯಿತು, ಸೂರತ್ತಿನ ಅಡಾಜಣ್‌ನಲ್ಲಿ ಮನೆಯಾಯಿತು. ಬ್ಯಾಟನ್ನು ಅವಳು ಮತ್ತೆ ಮುಟ್ಟಲಿಲ್ಲ. ಯಾರಾದರೂ ಕೇಳಿದರೆ, "ಕಾಲೇಜಿನಲ್ಲಿ ಆಡ್ತಿದ್ದೆ, ಅಷ್ಟೇನೂ ಚೆನ್ನಾಗಿ ಆಡ್ತಿರ್ಲಿಲ್ಲ," ಎನ್ನುತ್ತಿದ್ದಳು.

*

ಮಧ್ಯಾಹ್ನದ ಹೊತ್ತಿಗೆ ಹೇತಲ್ ಬಂದಳು. ಆ ಸಲದ ರಾಜ್ಯ ತಂಡದಲ್ಲಿ ಆಡಿದ್ದರಿಂದಲೇ ಅವಳಿಗೆ ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸ ಸಿಕ್ಕಿತ್ತು. ಈಗ ಟಿಕೆಟ್ ತಪಾಸಣೆ ಮಾಡುವವಳು. ಡ್ಯೂಟಿಯಿಂದ ನೇರವಾಗಿ ಬಂದಿದ್ದಳು. ಕಪ್ಪು ಕೋಟು ತೋಳಿನ ಮೇಲಿತ್ತು. ಸರ್‌ನ ಕಾಲಿನ ಬಳಿ ಬಹಳ ಹೊತ್ತು ಕೂತಿದ್ದು, ಆಮೇಲೆ ವಿಂಧ್ಯಾಳನ್ನು ಮೆಟ್ಟಿಲ ಬಳಿ ಕರೆದಳು.

"ಸರ್ ನಿಮ್ಮ ಹತ್ರ ಮಾತಾಡಿದ್ರಾ ಬೆನ್?"

"ಯಾವುದರ ಬಗ್ಗೆ?"

ಹೇತಲ್ ಗೋಡೆ ನೋಡಿದಳು. "ಹಾಗಾದ್ರೆ ಹೇಳಿಲ್ಲ."

"ಏನು ಹೇಳಿಲ್ಲ?"

"ಆ ಟ್ರಯಲ್ಸ್. ನಿಮ್ಮನ್ನ ಬಿಟ್ಟಿದ್ದು. ಹೋದ ದೀಪಾವಳಿಗೆ ಸರ್‌ನ ನೋಡೋಕೆ ಬಂದಾಗ ಗ್ರೌಂಡಿನಲ್ಲಿ ಕೂತು ಅವರೇ ಹೇಳಿದ್ರು. ವಿಂಧ್ಯಾಳ ಭುಜ ಯಾವತ್ತೂ ಇಳಿದಿರಲಿಲ್ಲ, ಅಷ್ಟು ಚೆನ್ನಾಗಿ ಹೊಡೆಯೋಳು ಆಮೇಲೆ ನನಗೆ ಸಿಗಲೇ ಇಲ್ಲ ಅಂದ್ರು."

ಕೆಳಗೆ ಯಾರೋ ಬಿದಿರು ಇಳಿಸುತ್ತಿದ್ದ ಸದ್ದು ಕೇಳುತ್ತಿತ್ತು.

"ಮತ್ತೆ ಯಾಕೆ?"

"ಮಗಳನ್ನ ಹಾಕಿದ ಅಂತಾರೆ ಅನ್ನೋ ಭಯ. ಅದಕ್ಕಿಂತ ಮುಂಚೆ ಯಾರೋ ಹಾಗೆ ಅಂದಿದ್ರಂತೆ. ನಿಮಗೆ ಆ ಕಾರಣ ಹೇಳಿದ್ರೆ ನೀವು ಜಗಳ ಆಡ್ತೀರಿ. ಭುಜದ ಮಾತು ಹೇಳಿದ್ರೆ ಸುಮ್ನಾಗ್ತೀರಿ ಅಂದ್ಕೊಂಡ್ರಂತೆ." ಹೇತಲ್ ಕೋಟನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಿಸಿದಳು. "ಅವತ್ತು ನಾನೂ ಕಣ್ಣಾರೆ ನೋಡಿದ್ದೆ. ನೀವು ಹೊಡೆದಿದ್ದು ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ ಬೆನ್. ಮನೆಯಲ್ಲಿ ಅಪ್ಪನಿಗೆ ಕೆಮ್ಮು ಹಿಡಿದಿತ್ತು. ನನಗೆ ಆ ಕೆಲಸ ಬೇಕಿತ್ತು."

"ನಿನ್ನ ತಪ್ಪೇನಿದೆ ಇದರಲ್ಲಿ," ಎಂದಳು ವಿಂಧ್ಯಾ. ಮಾತು ಸರಿಯಾಗಿತ್ತು, ದನಿ ಸರಿಯಾಗಿರಲಿಲ್ಲ.

"ನಿಮಗೆ ಹೇಳಿ ಅಂತ ನಾನು ಸರ್‌ಗೆ ಹೇಳಿದ್ದೆ. ಹೇಳ್ತೀನಿ, ಸೀಸನ್ ಶುರುವಾಗ್ಲಿ, ಅವಳನ್ನ ಗ್ರೌಂಡಿಗೆ ಕರೆಸ್ತೀನಿ, ಅಲ್ಲೇ ಹೇಳ್ತೀನಿ ಅಂದ್ರು."

ವಿಂಧ್ಯಾ ಒಳಗೆ ಬಂದಳು. ಭಟ್ಟರು ದರ್ಭೆ ಬಿಡಿಸುತ್ತಿದ್ದರು. ಗಂಡುಮಕ್ಕಳಿಲ್ಲದ ಮನೆ; ತಾನೇ ಬೆಂಕಿ ಇಡುತ್ತೇನೆಂದು ಅವಳು ರೈಲಿನಿಂದಲೇ ಫೋನು ಮಾಡಿ ಹೇಳಿದ್ದಳು. ಭಟ್ಟರನ್ನು ಒಪ್ಪಿಸಲು ಲಿಂಗರಾಜ ಕಾಕಾ ಬೆಳಿಗ್ಗೆಯೆಲ್ಲ ಮಾತಾಡಿದ್ದರು.

"ಕಾಕಾ, ಅಭಿಷೇಕ್ ಮಾಡ್ಲಿ."

ಅಹಮದಾಬಾದಿನಿಂದ ಬಂದಿದ್ದ ಚಿಕ್ಕಪ್ಪನ ಮಗ ಅಭಿಷೇಕ್ ಗಾಬರಿಯಿಂದ ಎದ್ದು ನಿಂತ.

"ಯಾಕವಾ? ಏನಾತು?"

"ಏನಿಲ್ಲ. ನನ್ನ ಕೈಲಿ ಆಗಲ್ಲ."

ಲಿಂಗರಾಜ ಕಾಕಾ ಅವಳ ಮುಖ ನೋಡಿ, "ನಿಮ್ಮವ್ವನ್ನ ಒಂದು ಮಾತು ಕೇಳು," ಎಂದಷ್ಟೇ ಹೇಳಿದರು.

ಅಮ್ಮ ಒಳಕೋಣೆಯ ಮಂಚದ ಅಂಚಿನಲ್ಲಿ ಕೂತಿದ್ದಳು. ಅಮ್ಮ ನಳಿನಿ ಹೆಚ್ಚು ಮಾತಿನವಳಲ್ಲ. ವಿಂಧ್ಯಾ ಬಾಗಿಲು ಮುಂದಕ್ಕೆ ಎಳೆದು ಹೇತಲ್ ಹೇಳಿದ್ದನ್ನು ಹೇಳಿದಳು. ಅಮ್ಮನಿಗೆ ಅಚ್ಚರಿಯಾದಂತೆ ಕಾಣಲಿಲ್ಲ.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ನಿನಗೂ ಯಾವಾಗ್ಲೋ ಹೇಳಿದ್ದಾರೆ ಅಂದ್ಕೊಂಡಿದ್ದೆ. ನೀನು ಮದುವೆ ಆದ್ಮೇಲೆ ಇಲ್ಲಿಗೆ ಬರೋದು ಕಮ್ಮಿ ಮಾಡಿದ್ಯಲ್ಲ, ಅದಕ್ಕೇ ಕೋಪ ಅಂದ್ಕೊಂಡೆ."

"ನನಗೆ ಕೋಪ ಇರ್ಲಿಲ್ಲಮ್ಮ. ನಾಚಿಕೆ ಇತ್ತು. ಇಲ್ಲಿಗೆ ಬಂದ್ರೆ ಆ ಬ್ಯಾಟುಗಳನ್ನ ನೋಡ್ಬೇಕಿತ್ತು."

ಅಮ್ಮ ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಎಲ್ಲದಕ್ಕೂ ಹೆದರೋ ಮನುಷ್ಯ ಕಣೇ ಅವರು. ಆಫೀಸಿನಲ್ಲಿ ಹೆದರಿಕೆ, ತಮ್ಮಂದಿರ ಹತ್ರ ಹೆದರಿಕೆ, ಪಕ್ಕದ ಮನೆಯವರು ಏನಂತಾರೋ ಅಂತ ಹೆದರಿಕೆ. ಆ ಗ್ರೌಂಡಿಗೆ ಹೋದಾಗ ಮಾತ್ರ ಬೇರೆ ಆಗಿರ್ತಿದ್ರು. ನಾನೇ ನೋಡಿದ್ದೀನಿ. ಅಲ್ಲಿ ಒಂದೇ ಒಂದು ಸಲ ಹೆದರಿದ್ರು. ಅದು ನಿನ್ನ ಹೆಸರು ಬಂದಾಗ."

"ಅದಕ್ಕೆ ನಾನೇನು ಮಾಡ್ಲಿ?"

"ಏನೂ ಮಾಡ್ಬೇಡ. ಅವರು ಮಾಡಿದ್ದು ಸರಿ ಅಂತ ನಾನು ಹೇಳಲ್ಲ." ಅಮ್ಮನ ದನಿ ಅಲುಗಲಿಲ್ಲ. "ಬೆಂಕಿ ಇಡೋದು ಬಿಡೋದು ನಿನಗೆ ಸೇರಿದ್ದು. ಆದ್ರೆ ಕೋಪ ಹೋದ್ಮೇಲೇ ಇಡ್ಬೇಕು ಅಂತೇನಿಲ್ಲ ವಿಂಧ್ಯಾ. ಕೋಪ ಇಟ್ಕೊಂಡೂ ಇಡಬಹುದು."

*

ಹೋದ ವಾರ ಅಪ್ಪ ಬ್ಯಾಂಕಿನ ಹೊತ್ತಿನಲ್ಲೇ ಫೋನು ಮಾಡಿದ್ದರು. ಪ್ರತಿ ವರ್ಷ ಸೀಸನ್ನಿಗೆ ಮೊದಲು ಮಾಡುತ್ತಿದ್ದಂಥದೇ ಕರೆ. ಯಾವ ಹುಡುಗಿ ಏನು, ಯಾರ ಕಾಲು ನೆಟ್ಟಗಿಲ್ಲ, ಯಾರು ಹೊರಗೆ ಹೋಗುವ ಚೆಂಡಿಗೂ ಕೈ ಚಾಚುತ್ತಾರೆ. ಅವರಿಗೆ ಬೇರೆ ಮಾತು ಬಾರದು ಎಂದುಕೊಂಡು ಅವಳು ಕಂಪ್ಯೂಟರಿನಲ್ಲಿ ಕಣ್ಣಿಟ್ಟೇ ಹೂಂಗುಡುತ್ತಿದ್ದಳು.

"ಈ ಸಲ ಹೊಡೆಯೋರೇ ಇಲ್ಲ ಕಣೇ. ಸ್ವಾತಿ ಅಂತ ಒಬ್ಬಳಿದ್ದಾಳೆ. ಶಕ್ತಿ ಇದೆ, ತಾಳ್ಮೆ ಇಲ್ಲ. ನನ್ನ ಕಣ್ಣೂ ಮೊದಲಿನ ಹಾಗಿಲ್ಲ. ನೀನು ಒಂದು ದಿನ ಬಂದು ನೋಡ್ತೀಯಾ?"

"ನಾನಾ? ನಾನು ನೋಡಿ ಏನು ಹೇಳ್ಲಪ್ಪ?"

"ನೀನು ನೋಡಿದ್ರೆ ಗೊತ್ತಾಗುತ್ತೆ. ಮತ್ತೆ... ನನಗೂ ನಿನ್ನ ಹತ್ರ ಸ್ವಲ್ಪ ಮಾತಿತ್ತು."

ಕೌಂಟರಿನ ಮುಂದೆ ಜನ ನಿಂತಿದ್ದರು. "ಈ ತಿಂಗಳು ರಜ ಸಿಗಲ್ಲಪ್ಪ. ಮಾರ್ಚ್ ಆದ್ಮೇಲೆ ನೋಡೋಣ."

"ಆಯ್ತು ಆಯ್ತು. ಕೆಲಸ ನೋಡ್ಕೋ," ಎಂದು ಅಪ್ಪ ಫೋನಿಟ್ಟಿದ್ದರು. ಯಾವ ಮಾತೆಂದು ಅವಳು ಕೇಳಿರಲಿಲ್ಲ.

*

ವ್ಯಾನಿನಲ್ಲಿ ಅಪ್ಪನ ತಲೆಯ ಬಳಿ ವಿಂಧ್ಯಾ ಕೂತಳು. ಎದುರಿಗೆ ಲಿಂಗರಾಜ ಕಾಕಾ, ಅಭಿಷೇಕ್. ಹುಡುಗಿಯರು ಹಿಂದೆ ಆಟೋಗಳಲ್ಲಿ ಬಂದರು. ಹೆಣ್ಣುಮಕ್ಕಳು ಸ್ಮಶಾನಕ್ಕೆ ಯಾಕೆ ಎಂದು ನೆರೆಯವರೊಬ್ಬರು ಅಂದಾಗ, "ಇವರ ಬಿಟ್ಟರ ಅವನಿಗೆ ಯಾರಿದ್ರು?" ಎಂದು ಕಾಕಾ ಅವರ ಬಾಯಿ ಮುಚ್ಚಿಸಿದ್ದರು.

ಕಟ್ಟಿಗೆ ಒಟ್ಟಿ ಸಿದ್ಧವಾಗಿತ್ತು. ಭಟ್ಟರು ಹೇಳಿದಂತೆ ಅವಳು ನೀರಿನ ಮಡಕೆ ಹೊತ್ತು ಸುತ್ತಿದಳು, ಅಪ್ಪನ ಬಾಯಿಗೆ ಅಕ್ಕಿಕಾಳು ಹಾಕಿದಳು. ಆ ಬಾಯಿ ಸ್ವಲ್ಪ ತೆರೆದಿತ್ತು, ಮಾತಿಗೆ ಶುರುಮಾಡಿ ನಿಲ್ಲಿಸಿದವರ ಹಾಗೆ. ಕೊಳ್ಳಿ ಕೈಗೆ ಬಂದಾಗ ಅವಳು ನಿಂತುಬಿಟ್ಟಳು.

"ವಿಂಧ್ಯಾ," ಎಂದರು ಕಾಕಾ ಮೆಲ್ಲಗೆ.

"ಒಂದು ನಿಮಿಷ ಕಾಕಾ."

ಅವಳು ಬಗ್ಗಿ ಅಪ್ಪನ ಕಿವಿಯ ಬಳಿ ಏನೋ ಹೇಳಿದಳು. ಏನೆಂದು ಯಾರಿಗೂ ಕೇಳಲಿಲ್ಲ. ಬೈದಂತಿತ್ತು ಎಂದು ಅಭಿಷೇಕ್ ಆಮೇಲೆ ತನ್ನ ಹೆಂಡತಿಗೆ ಹೇಳಿದ. ಬಳಿಕ ನೆಟ್ಟಗೆ ನಿಂತು ಬೆಂಕಿಯಿಟ್ಟಳು. ತುಪ್ಪ ಹಿಡಿದು ಉರಿ ಮೇಲೇರಿತು. ಹೇತಲ್ ಮುಖ ತಿರುಗಿಸಿಕೊಂಡಳು.

ಉರಿ ಚೆನ್ನಾಗಿ ಹೊತ್ತಿಕೊಂಡ ಮೇಲೆ ಗಂಡಸರು ಕಟ್ಟೆಯ ಮೇಲೆ ಕೂತರು. ಹುಡುಗಿಯರು ಗೇಟಿನ ಬಳಿಯ ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡು ಬರಿಗಾಲಲ್ಲಿ ನಿಂತಿದ್ದರು. ವಿಂಧ್ಯಾ ಅಲ್ಲಿಗೆ ಬಂದು ತಲೆಗೆ ನೀರು ಸುರಿದುಕೊಂಡಳು. ಸೀರೆಯ ಅಂಚಿನಿಂದ ನೀರು ಇಳಿಯುತ್ತಿತ್ತು.

"ಬೆನ್," ಎಂದಳು ಸ್ವಾತಿ, ಉಳಿದವರ ಕಡೆ ಒಮ್ಮೆ ನೋಡಿ. "ಭಾನುವಾರ ನಾಲ್ಕನೇ ಜಾಗದಲ್ಲಿ ಯಾರು ನಿಲ್ಲೋದು? ಸರ್ ಇನ್ನೂ ಹೇಳಿರ್ಲಿಲ್ಲ."

ಬೇರೆ ಹುಡುಗಿಯೊಬ್ಬಳು ಅವಳ ಮೊಣಕೈ ಚಿವುಟಿದಳು. ವಿಂಧ್ಯಾ ಎಲ್ಲರ ಮುಖಗಳನ್ನೂ ನೋಡಿದಳು. ಅಪ್ಪ ವರ್ಷವರ್ಷವೂ ಫೋನಿನಲ್ಲಿ ವರ್ಣಿಸಿದ ಹುಡುಗಿಯರು. ಇವರಲ್ಲಿ ಕೈ ಚಾಚುವವಳು ಯಾರು, ಕಾಲು ನೆಟ್ಟಗಿಲ್ಲದವಳು ಯಾರು, ಅವಳಿಗೆ ಒಂದೂ ನೆನಪಿರಲಿಲ್ಲ.

"ನೀವು ಹೊಡೆಯೋದನ್ನ ನಾನು ನೋಡೇ ಇಲ್ಲ," ಎಂದಳು. ಸ್ವಾತಿಯ ಕಡೆ ತಿರುಗಿ, "ತೋರಿಸು," ಎಂದಳು.

"ಈ ಜಾಗದಲ್ಲಾ? ಬ್ಯಾಟಿಲ್ಲ ಬೆನ್."

"ಬರಿಗೈಲೇ ತೋರಿಸು."

ಸ್ವಾತಿ ಗೇಟಿನ ನಡುವಿನ ಮಣ್ಣಿನಲ್ಲಿ ಬರಿಗಾಲುಗಳನ್ನು ಅಗಲಿಸಿ ಊರಿದಳು. ಇಲ್ಲದ ಬ್ಯಾಟಿನ ಸುತ್ತ ಮುಷ್ಟಿಗಳನ್ನು ಬಿಗಿದು ಭುಜದ ಬಳಿಗೆ ಎತ್ತಿದಳು. ಆಗಲೇ ರಸ್ತೆಯ ಕಡೆಯಿಂದ ರಾಮನಾಮ ಹೇಳುತ್ತಾ ಇನ್ನೊಂದು ಶವವನ್ನು ಹೊತ್ತು ತಂದರು. ದಾರಿಗೆ ಅಡ್ಡವಾಗಿ ನಿಂತ ಹುಡುಗಿಯನ್ನೂ, ಎದುರಿಗೆ ಒದ್ದೆ ಸೀರೆಯಲ್ಲಿ ಅವಳನ್ನೇ ನೆಟ್ಟು ನೋಡುತ್ತಿದ್ದ ಹೆಂಗಸನ್ನೂ ಕಂಡು ಅವರ ಬಾಯಿ ನಿಂತಿತು. ಚಟ್ಟ ಹೊತ್ತ ನಾಲ್ವರೂ ಹೆಗಲು ಬದಲಿಸಿಕೊಂಡು, ಅವಳು ಬೀಸುವುದನ್ನೇ ನೋಡುತ್ತಾ ಗೇಟಿನಾಚೆ ನಿಂತರು.